ಜೋಳದ ಕೋಣೆಯ ಹವಳ

ನಮ್ಮ ಕಡೆ ಮದುವೆಯಲ್ಲಿ ರುಖವತ ಎಂದು ಇಡುತ್ತಾರೆ. ಹೆಣ್ಣಿನ ಮನೆಯವರು ಮಂಟಪದ ಮಗ್ಗುಲಿಗೆ ಮೇಜು ಜೋಡಿಸಿ, ಹುಡುಗಿ ಕೈಯಾರೆ ಮಾಡಿದ್ದು ಎಂದು ಕರಂಜಿ, ಬೇಸನ್ ಲಾಡು, ಉಲ್ಲನ್ನಿನ ತೋರಣ, ಅಡಿಕೆಗೆ ಬಟ್ಟೆ ತೊಡಿಸಿದ ಗಂಡ ಹೆಂಡತಿ ಗೊಂಬೆ ಎಲ್ಲವನ್ನೂ ಸಾಲಾಗಿ ಇಟ್ಟಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ಅಂಗಡಿಯಿಂದ ತಂದದ್ದೇ. ಗಂಡಿನ ಕಡೆಯ ಹೆಂಗಸರಿಗೂ ಅದು ಗೊತ್ತು. ಆದರೂ "ಎಷ್ಟ ಛಂದ ಮಾಡ್ಯಾಳ" ಎನ್ನುತ್ತ ಸುತ್ತು ಹಾಕುತ್ತಾರೆ. ನನ್ನ ಮೊಮ್ಮಗ ಶುಭಂನ ಮದುವೆ ಸೋಲಾಪುರದಲ್ಲಿ ಆಯಿತು. ಅವತ್ತು ರುಖವತದ ಮೇಜಿನ ಮೇಲೆ, ಲಾಡುಗಳ ನಡುವೆ, ಒಂದು ಗಾಜಿನ ಪೆಟ್ಟಿಗೆ ಇತ್ತು. ಒಳಗೆ ನೀಲಿ ಬೆಳಕು. ಆ ಬೆಳಕಿನಲ್ಲಿ ಏನೋ ಹಸಿರಾಗಿ, ಮೆಲ್ಲಗೆ, ಗಾಳಿಗೆ ಪೈರು ಆಡಿದ ಹಾಗೆ ಆಡುತ್ತಿತ್ತು.

ನನ್ನ ಹೆಂಡತಿ ಲಕ್ಷ್ಮೀಬಾಯಿ ಬಗ್ಗಿ ನೋಡಿದಳು. "ಇದೇನವಾ, ಗೋಬಿನಾ?"

"ಅಲ್ರಿ ಆಯಿ, ಹವಳ. ಜೀವ ಅದ ಇದಕ್ಕ," ಎಂದಳು ಮದುಮಗಳು ಪ್ರಣಿತಾ, ಬಾಸಿಂಗ ಕಟ್ಟಿಕೊಂಡೇ. "ಇದನ್ನ ನಾನ ಬೆಳಸೀನಿ. ಉಳದದ್ದೆಲ್ಲಾ ಅಂಗಡ್ಯಾಗಿಂದು."

ಆ ಮಾತಿಗೆ ನನಗೆ ಹುಡುಗಿ ಹಿಡಿಸಿಬಿಟ್ಟಳು. ನಾನು ರೇವಣ್ಣ, ಸೋಲಾಪುರ ಜಿಲ್ಲೆಯ ಚಪಳಗಾಂವದವನು, ಎಪ್ಪತ್ತೊಂಬತ್ತು ವರ್ಷ. ಮುಖದ ಮೇಲೆ ಹೇಳುವವನು ಎಂದು ಊರಲ್ಲಿ ನನಗೆ ಹೆಸರು. ಆ ಹೆಸರಿನಿಂದ ಎಷ್ಟು ಜನ ನನ್ನ ಕಟ್ಟೆಗೆ ಬರುವುದು ಬಿಟ್ಟಿದ್ದಾರೆ ಎಂಬುದು ಬೇರೆ ಮಾತು.

ನಮ್ಮದು ಹಳೆಯ ಮಾಳಿಗೆ ಮನೆ. ಗೋಡೆ ಎರಡು ಮೊಳ ದಪ್ಪ. ಹವಳ ಸೆಕೆ ತಾಳುವುದಿಲ್ಲವಂತೆ. ಸೋಲಾಪುರದ ಬೇಸಿಗೆಯಲ್ಲಿ ಸಿಮೆಂಟಿನ ಮನೆಯೊಳಗೆ ಅದನ್ನು ತಂಪಾಗಿ ಇಡಲು ಪ್ರಣಿತಾಳಿಗೆ ಸಾಕುಬೇಕಾಗಿತ್ತಂತೆ. ನಮ್ಮ ಮನೆ ನೋಡಲು ಬಂದ ದಿನವೇ ಅವಳು ಮಧ್ಯದ ಜೋಳದ ಕೋಣೆಯ ಗೋಡೆಗೆ ಅಂಗೈ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದಳು. ಹುಡುಗಿಗೆ ಮನೆ ಬಹಳ ಹಿಡಿಸಿತು ಎಂದು ನಾವೆಲ್ಲ ಹಿಗ್ಗಿದೆವು. ಹಿಡಿಸಿದ್ದು ಗೋಡೆ!

ಜೋಳದ ಚೀಲಗಳು ಪಡಸಾಲೆಗೆ ಬಂದವು. ಕೋಣೆಯೊಳಗೆ ನಾಲ್ಕು ಅಡಿ ಉದ್ದದ ಟ್ಯಾಂಕು ಹೋಯಿತು. ಕರೆಂಟು ಹೋದರೆ ನೀರು ನಿಲ್ಲಬಾರದು ಎಂದು ಬ್ಯಾಟರಿ, ನೀರನ್ನು ಅಲುಗಿಸುವ ಪಂಪು, ಮೇಲೆ ನೀಲಿ ದೀಪ. ಗಟ್ಟಿ ಹವಳ ಮನೆಯಲ್ಲಿ ಇಡಲು ಕಾಯ್ದೆ ಬಿಡುವುದಿಲ್ಲವಂತೆ. ಇದು ಮೆತ್ತನೆಯ ಜಾತಿ, ಅಣಬೆಯ ಹಾಗೆ ಒಂದು ದಿಂಡು, ಮೇಲೆ ಕೊಡೆ, ಕೊಡೆಯ ತುಂಬ ಸಣ್ಣ ಸಣ್ಣ ಬೆರಳು. ಕಾಲೇಜಿನಲ್ಲಿದ್ದಾಗ ಅವಳ ಸರ್ ಒಬ್ಬರು ಉಗುರಿನಷ್ಟು ತುಂಡು ಕೊಟ್ಟಿದ್ದರಂತೆ. ಏಳು ವರ್ಷದಲ್ಲಿ ಅದು ತಟ್ಟೆಯಷ್ಟಾಗಿತ್ತು. ಅದನ್ನು ಅವಳು ಮದರ್ ಎಂದು ಕರೆಯುತ್ತಿದ್ದಳು. ಅದರ ಅಂಚಿನಿಂದ ಬ್ಲೇಡಿನಲ್ಲಿ ತುಂಡು ಕೊಯ್ದು, ಅಂಗಿಯ ಗುಂಡಿಯಷ್ಟು ಕಲ್ಲಿಗೆ ಅಂಟಿಸಿ ನೀರಿಗೆ ಇಟ್ಟರೆ ಎರಡು ತಿಂಗಳಿಗೆ ಹೊಸ ಹವಳ. ಹೀಗೆ ನಲವತ್ತು ಮರಿ ಸಾಲಾಗಿ ಕೂತಿದ್ದವು.

ನನ್ನ ಮಗ ಸೋಮೇಶ ಮಾತಿನಲ್ಲಿ ಜಿಪುಣ. ಮೊದಲ ದಿನ ನೋಡಿ, "ಕಬ್ಬ ಹಚ್ಚಿದಂಗ ಅದ," ಎಂದು ಹೊಲಕ್ಕೆ ಹೋದ. ಆ ವಾರಕ್ಕೆ ಅದೇ ಅವನ ಮಾತು.

ಅವನ ಹೆಂಡತಿ ನಂದಾ ಅವನ ಪಾಲಿನದನ್ನೂ ಸೇರಿಸಿ ಆಡುತ್ತಾಳೆ. ಶುಭಂನ ತಾಯಿ, ಮನೆ ನಡೆಸುವವಳು. ಕೋಣೆ ಹೋಯಿತಲ್ಲ ಎಂಬ ಸಿಟ್ಟು ಅವಳಿಗೆ ಪ್ರತಿ ಊಟಕ್ಕೂ ಬಿಸಿಯಾಗಿ ಬರುತ್ತಿತ್ತು.

"ಪಡಸಾಲ್ಯಾಗ ಇಲಿ ಜೋಳ ತಿನ್ನಾಕತ್ತಾವ. ಒಳಗ ಗೋಬಿ ಎ.ಸಿ.ಯಾಗ ಮಲಗ್ಯಾವ," ಎನ್ನುತ್ತ ರೊಟ್ಟಿಯನ್ನು ತಟ್ಟೆಗೆ ಎಸೆದಳು.

"ಅತ್ತಿ, ಎ.ಸಿ. ಇಲ್ರಿ, ಅದು ಫ್ಯಾನ್," ಎಂದಳು ಪ್ರಣಿತಾ.

"ಫ್ಯಾನರೆ ಯಾಕ? ನನಗ ಒಲಿ ಮುಂದ ಯಾರ ಫ್ಯಾನ ಹಚ್ಯಾರ?"

ಶುಭಂ ಸೋಲಾಪುರದ ಬದಿಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಗೋದಾಮಿನ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ಬೈಕಿನಲ್ಲಿ ಹೋದರೆ ಸಂಜೆಗೆ ಬರುವವನು. "ಅವ್ವಾ, ಶೇಂಗಾ ಹಿಂಡಿ ನೀಡು," ಎಂದು ಮಾತು ತಿರುಗಿಸಿದ.

"ನೀ ಸುಮ್ಮ ತಿನ್ನು. ಮಾರಾಯ್ತಿ ಕಲ್ಲಿಗೆ ಮದರ್ ಅಂತಾಳ, ನನಗ ಅತ್ತಿ ಅಂತಾಳ!"

ನಾನು ನಕ್ಕೆ. ನಗಬಾರದಿತ್ತು. ಆ ಹೊತ್ತು ನನಗೆ ಮೊಸರು ಬೀಳಲಿಲ್ಲ.

ದೊಡ್ಡ ಜಗಳ ನೀರಿನದು. ಹವಳಕ್ಕೆ ಬೋರಿನ ನೀರು ನಡೆಯುವುದಿಲ್ಲ. ಆರ್‌ಓ ಮಶಿನ್ ಹಚ್ಚಿ, ಅದರ ಸಪ್ಪೆ ನೀರಿಗೆ ಸಮುದ್ರದ ಉಪ್ಪು ಕಲಸಬೇಕು. ಒಂದು ಕೊಡ ಒಳ್ಳೆಯ ನೀರಿಗೆ ಮೂರು ಕೊಡ ಹೊರಗೆ ಹೋಗುತ್ತದೆ. ನಲ್ಲಿಗೆ ನೀರು ವಾರಕ್ಕೊಮ್ಮೆ ಮಾತ್ರ ಬರುವ ಊರಲ್ಲಿ ಆ ಮೂರು ಕೊಡ ಮೋರಿಗೆ ಹರಿಯುವುದನ್ನು ನೋಡಿ ನಂದಾ ಸೆರಗು ಸಿಕ್ಕಿಸಿ ನಿಂತಳು. ಮರುದಿನದಿಂದ ಅದು ಎಮ್ಮೆಗೆ, ಪಾತ್ರೆಗೆ, ಅಂಗಳಕ್ಕೆ ಎಂದು ಪಾಲಾಯಿತು. ಪ್ರಣಿತಾ ತಾನೇ ಹೊತ್ತು ಹಾಕುತ್ತಿದ್ದಳು. ಹುಡುಗಿ ಕೆಲಸಗಳ್ಳಿ ಅಲ್ಲ. ಅದನ್ನೂ ನಂದಾಳ ಮುಖಕ್ಕೇ ಹೇಳಿದೆ. ಆಗಲೂ ಮೊಸರು ಹೋಯಿತು.

ಇಷ್ಟೆಲ್ಲ ನಡೆಯುವಾಗ ನನ್ನ ಲಕ್ಷ್ಮೀಬಾಯಿ ಎಲ್ಲಿದ್ದಳು? ಜೋಳದ ಕೋಣೆಯಲ್ಲಿ.

ಅವಳ ಕಣ್ಣಿಗೆ ಪೊರೆ ಬಂದಿದೆ. ಬಿಸಿಲಿನಲ್ಲಿ ನನ್ನನ್ನೂ ಸೋಮೇಶನನ್ನೂ ಗುರುತು ಹಿಡಿಯುವುದಿಲ್ಲ. ಆದರೆ ಆ ನೀಲಿ ಕತ್ತಲೆಯಲ್ಲಿ ಹಸಿರು ಬೆರಳುಗಳು ಅವಳಿಗೆ ಒಂದೊಂದಾಗಿ ಕಾಣುತ್ತಿದ್ದವು. ಮಧ್ಯಾಹ್ನ ಹೊರಗೆ ಹಂಚು ಕಾದ ಹಾಗೆ ಬಿಸಿಲು, ಒಳಗೆ ಇವಳು ಗೋಣಿತಟ್ಟಿನ ಮೇಲೆ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ನೀಲಿ ಬೆಳಕು ಅವಳ ಬಿಳಿ ಕೂದಲಿನ ಮೇಲೆ, ಮೂಗಿನ ನತ್ತಿನ ಮೇಲೆ ಅಲುಗುತ್ತಿತ್ತು. ನೀರಿನ ನೆರಳು ಮಣ್ಣಿನ ಗೋಡೆಯ ಮೇಲೆ ಹರಿದಾಡಿ, ಕೋಣೆಯೇ ಎಲ್ಲಿಗೋ ತೇಲಿ ಹೊರಟಂತೆ ಇರುತ್ತಿತ್ತು. ನಾನೂ ಒಂದೆರಡು ದಿನ ಪಕ್ಕದಲ್ಲಿ ಕೂತೆ. ಮಾತಿಲ್ಲದೆ ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

"ಏನ್ರಿ, ಇವು ನಿದ್ದಿ ಮಾಡ್ತಾವಂತ," ಎಂದಳು ಒಂದು ದಿನ. "ದೀಪ ಆರಿಸಿದ ಕೂಡ್ಲೆ ಬೆರಳ ಒಳಗ ತಗೋತಾವ."

"ನೀನೂ ಏಳು, ಮಲಕ್ಕೋ."

"ನನಗ ಕನಸಿನ್ಯಾಗೂ ಇವೇ ಬರ್ತಾವ. ನೀರಾಗ ನಡದು ಹೋಗಾಕತ್ತೀನಿ, ಮೊಣಕಾಲ ನೋವಿಲ್ಲ."

ಪ್ರಣಿತಾ ಅವಳಿಗೆ ಒಂದು ಕೆಲಸ ಕೊಟ್ಟಳು. ಟ್ಯಾಂಕಿನ ನೀರು ದಿನವೂ ಸ್ವಲ್ಪ ಆರುತ್ತದೆ, ಆರಿದಷ್ಟು ಮಶಿನ್ ನೀರು ಸುರಿಯಬೇಕು. "ಆಯಿ, ದಿನಾ ಮುಂಜಾನೆ ಒಂದ ಬಿಂದಗಿ ತುಂಬಿ ನನ್ನ ಕೈಗೆ ಕೊಡ್ರಿ. ಅದು ನಿಮ್ಮ ಕೆಲಸ." ಮುದುಕಿಗೆ ಹತ್ತು ವರ್ಷ ಕಡಿಮೆಯಾಯಿತು.

ಇಲ್ಲಿಂದ ಕೆಟ್ಟಿತು ನೋಡಿ. ಕೆಟ್ಟದ್ದು ಪ್ರೀತಿಯಿಂದ.

ಮಶಿನ್ ನೀರು ಅಡುಗೆಮನೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತಿತ್ತು. ಮೊದಲು ಎಣ್ಣೆ ತುಂಬಿದ್ದ ಡಬ್ಬಿ, ಮುದುಕಿಯ ಮೂಗಿಗೆ ವಾಸನೆ. ಶ್ರಾವಣ ಹಿಡಿದ ದಿನ ಅವಳು ಅಟ್ಟದಿಂದ ತನ್ನ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಳು. ಅರವತ್ತು ವರ್ಷದ ಹಿಂದೆ ಅವಳ ತವರಿನವರು ಕೊಟ್ಟ ಹಂಡೆ.

"ಶ್ರಾವಣಕ್ಕೇನು?" ಎಂದು ಕೇಳಿದೆ.

"ಹವಳಕ್ಕ. ದೇವರ ನೀರಿಗೆ ತಾಮ್ರ, ಈ ಜೀವಕ್ಕ ಪ್ಲಾಸ್ಟಿಕ್ಕಾ? ನಮ್ಮವ್ವ ತಾಮ್ರದ ನೀರ ಕುಡದ ತೊಂಬತ್ತೊಂದ ವರ್ಷ ಬದುಕಿದಳು."

ಅದೂ ಸರಿಯೇ ಎಂದುಕೊಂಡೆ. ಹಂಡೆ ಅಡುಗೆಮನೆಯ ಕತ್ತಲ ಮೂಲೆಯಲ್ಲಿ, ಬಟ್ಟೆ ಮುಚ್ಚಿ ನಿಂತಿತು. ಮಶಿನ್ ನೀರು ರಾತ್ರಿಯಿಡೀ ಅದರಲ್ಲಿ ನಿಲ್ಲುವುದು, ಬೆಳಿಗ್ಗೆ ಅದರಿಂದ ಸ್ಟೀಲಿನ ಬಿಂದಿಗೆಗೆ, ಬಿಂದಿಗೆ ಪ್ರಣಿತಾಳ ಕೈಗೆ. ಅವಳು ನೋಡುತ್ತಿದ್ದದ್ದು ಬಿಂದಿಗೆ ಮಾತ್ರ.

ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ಮದರ್ ಬೆರಳು ಒಳಗೆಳೆದುಕೊಂಡಿತು. "ಚರ್ಮ ಬಿಡಾಕತ್ತದ, ಹಾವು ಪೊರೆ ಬಿಟ್ಟಂಗ. ನಾಲ್ಕ ದಿನಕ್ಕ ತೆರೀತದ," ಎಂದಳು ಪ್ರಣಿತಾ. ನಾಲ್ಕು ದಿನ ಎಂಟಾಯಿತು. ಮರಿಗಳ ಅಂಚು ಕರಗಿ ಬೂದಿ ಬಣ್ಣಕ್ಕೆ ಬಂತು. ಗಾಜಿನ ಮೇಲಿನ ಪಾಚಿ ತಿನ್ನಲು ಬಿಟ್ಟಿದ್ದ ಬಸವನಹುಳುಗಳು ಒಂದೊಂದಾಗಿ ಕಳಚಿ ಮರಳಿಗೆ ಬಿದ್ದವು. ಹವಳದ ಜೊತೆಗೆ ಬಿಟ್ಟಿದ್ದ ಎರಡು ಕೇಸರಿ ಮೀನು ಮಾತ್ರ ಏನೂ ಆಗದವರಂತೆ ಓಡಾಡುತ್ತಿದ್ದವು. ಹುಡುಗಿ ಊಟ ಬಿಟ್ಟಳು. ಸಣ್ಣ ಸೀಸೆಗಳಲ್ಲಿ ನೀರು ಹಾಕಿ ಬಣ್ಣ ನೋಡಿ ನೋಡಿ ಬರೆದುಕೊಳ್ಳುವಳು. ಎಲ್ಲ ಸರಿಯಾಗಿದೆ, ಹವಳ ಸಾಯುತ್ತಿದೆ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಲಕ್ಷ್ಮೀಬಾಯಿ ಬಚ್ಚಲಲ್ಲಿದ್ದಳು. ಪ್ರಣಿತಾ ಸತ್ತ ಬಸವನಹುಳುಗಳನ್ನು ಅಂಗೈಯಲ್ಲಿ ಹಿಡಿದು ಬಂದು ನಿಂತಳು.

"ನೀರಾಗ ಏನೋ ಬಿದ್ದದ. ತಾಮ್ರ ಇರಬೇಕು, ಇಲ್ಲಾ ಔಷಧ ಇರಬೇಕು. ತಾಮ್ರ ಚೂರ ಬಿದ್ರೂ ಇವು ಉಳಿಯಂಗಿಲ್ಲ. ಯಾರರೆ ಏನರೆ ಹಾಕೀರೇನು? ನಾಣ್ಯ, ಉಂಗುರ, ಏನರೆ?"

ನಾನು ಕೈಯ ತುತ್ತನ್ನು ತಟ್ಟೆಗೆ ಇಳಿಸಿದೆ. ಬಚ್ಚಲಿನಿಂದ ತಂಬಿಗೆಯ ಸದ್ದು ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ನಂದಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ತಿರುಗದೆಯೇ ಹೇಳಿದಳು:

"ನಾ ಜಿರಳಿ ಔಷಧ ಹೊಡದೀನಿ. ಆ ಕ್ವಾಣ್ಯಾಗ. ಎರಡ ಸಲ."

ಶುಭಂ ರೊಟ್ಟಿ ಬಿಟ್ಟು ತಾಯಿಯ ಕಡೆ ತಿರುಗಿದ.

"ಅತ್ತಿ," ಎಂದಳು ಪ್ರಣಿತಾ. "ಏಳು ವರ್ಷ. ನಾ ಕಾಲೇಜ ಮುಗಿಸೀನಿ, ನೌಕರಿ ಬಿಟ್ಟೀನಿ, ಲಗ್ನ ಆಗೀನಿ, ಅದು ನನ್ನ ಸಂಗಾಟ ಇತ್ತು. ನಿಮಗ ಜೋಳದ ಕ್ವಾಣಿ ಬೇಕಿತ್ತಲ್ಲಾ, ಬಾಯಿಬಿಟ್ಟ ಕೇಳಬೇಕಿತ್ತು. ಕೊಲ್ಲಬಾರದಿತ್ತು."

"ಕೇಳಿಲ್ಲೇನು? ದಿನಾ ಕೇಳೀನಿ."

"ಅವ್ವಾ!" ಎಂದ ಶುಭಂ.

"ಅಹೋ, ಐಕಾ," ರೀ, ಕೇಳಿ ಎಂದು ಪ್ರಣಿತಾ ಗಂಡನ ಕಡೆ ತಿರುಗಿ ಮರಾಠಿಗೆ ಇಳಿದಳು. ಸಿಟ್ಟು ಬಂದರೆ ಅವಳಿಗೆ ಮರಾಠಿಯೇ ಮುಂದೆ ಬರುತ್ತದೆ. ಉಳಿದ ಹವಳವನ್ನು ಎತ್ತಿಕೊಂಡು ವಿಜಾಪುರ ರಸ್ತೆಯ ತನ್ನ ಅಪ್ಪನ ಮನೆಗೆ ಹೋಗುವುದಾಗಿ, ತಿರುಗಿ ಬರುವುದು ಆಮೇಲಿನ ಮಾತು ಎಂದು ಹೇಳಿ ಒಳಗೆ ಹೋದಳು.

ನಂದಾ ಔಷಧ ಹೊಡೆದಿರಲಿಲ್ಲ. ಮನೆಯಲ್ಲಿ ಜಿರಳೆ ಔಷಧದ ಡಬ್ಬಿಯೇ ಇರಲಿಲ್ಲ. ತಾಮ್ರ ಎಂಬ ಮಾತು ಕೇಳಿ ಅವಳ ಕಣ್ಣು ಅಡುಗೆಮನೆಯ ಮೂಲೆಗೆ ಹೋದದ್ದನ್ನು ನಾನು ಕಂಡಿದ್ದೆ. ಕಂಡೂ ಸುಮ್ಮನಾದೆ. ಮುಖದ ಮೇಲೆ ಹೇಳುವ ರೇವಣ್ಣ! ಹೇಳಿದರೆ ಆ ಮುದುಕಿಯ ಮುಖ ನೋಡಬೇಕಲ್ಲ. ಎರಡು ದಿನ ನಂದಾ ಬೈಸಿಕೊಂಡಳು. ಮಗ ಮಾತು ಬಿಟ್ಟ. ಗಂಡ ಎಂದೂ ಆಡದವನು, "ತಪ್ಪ ಮಾಡಿದಿ," ಎಂದ. ಲಕ್ಷ್ಮೀಬಾಯಿಯೂ ಬಿಡಲಿಲ್ಲ: "ಜೀವ ತಗೊಳ್ಳೂದು ಯಾವ ಸಿಟ್ಟ ನಂದಾ?" ನಂದಾ ತಲೆ ತಗ್ಗಿಸಿ, "ತಪ್ಪಾತ್ರಿ ಅತ್ತಿ," ಎಂದು ಅವಳಿಗೇ ರೊಟ್ಟಿ ಬಡಿಸಿದಳು. ಹಂಡೆಯನ್ನು ಸರಿಸಲು ಎರಡು ಸಲ ಹೋದಳು. ಮುದುಕಿ, "ಅದನ್ನ ಮುಟ್ಟಬ್ಯಾಡ, ಇನ್ನ ನಿನ್ನ ಮ್ಯಾಲ ನಂಬಿಗಿಲ್ಲ," ಎಂದು ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ, ಹೋಗುವ ಮೊದಲು ಕಡೆಯ ಪ್ರಯತ್ನ ಎಂದು ಪ್ರಣಿತಾ ಅರ್ಧ ಟ್ಯಾಂಕು ಖಾಲಿ ಮಾಡಿದಳು. ಹೊಸ ನೀರು ಬೇಕು. ಲಕ್ಷ್ಮೀಬಾಯಿ ಹಂಡೆಯಿಂದ ತುಂಬಿದ ಬಿಂದಿಗೆ ಸೊಂಟಕ್ಕೆ ಇಟ್ಟುಕೊಂಡು ಗೋಡೆ ಹಿಡಿದು ಬರುತ್ತಿದ್ದಳು. ನಂದಾ ಬಾಗಿಲಿಗೆ ಅಡ್ಡ ನಿಂತಳು.

"ಅತ್ತಿ, ಕೊಡ್ರಿ ಇಲ್ಲೆ. ನಾ ಮಶಿನ್ನಿಂದ ಬ್ಯಾರೆ ತರ್ತೀನಿ."

"ಸರಿ ಆಕಡಿ! ಇನ್ನೂ ಏನ ಹಾಕಾಕಿ ಇದಿ?"

ಬಿಂದಿಗೆ ಒಳಗೆ ಹೋಯಿತು. ಪ್ರಣಿತಾ ಕೈ ಚಾಚಿದಳು.

"ಕೆಳಗ ಇಡ ಅದನ್ನ!" ಎಂದು ಒದರಿದೆ. ನನ್ನ ದನಿಗೆ ನನಗೇ ಹೆದರಿಕೆಯಾಯಿತು. "ಪ್ರಣಿತಾ, ಆ ನೀರ ತಾಮ್ರದ ಹಂಡ್ಯಾಗಿಂದು. ಒಂದ ತಿಂಗಳಾತು. ನಂದಾ ಏನೂ ಹೊಡದಿಲ್ಲ. ಔಷಧ ಹೊಡದಿದ್ರ ಮೀನ ಮೊದಲ ಸಾಯ್ತಿದ್ವು."

ಪ್ರಣಿತಾ ಮೀನು ನೋಡಿದಳು. ನಂದಾಳನ್ನು ನೋಡಿದಳು. ಆಮೇಲೆ ಹೋಗಿ ಹಂಡೆಯ ಬಟ್ಟೆ ಸರಿಸಿದಳು. ಒಳಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಮಶಿನ್ ನೀರಾಗ ಏನೂ ಇರಂಗಿಲ್ಲ ಆಯಿ," ಎಂದಳು ಬಹಳ ಮೆಲ್ಲಗೆ. "ಅದು ಹಸದಿರ್ತದ. ಯಾವ ಪಾತ್ರಿಗೆ ಹಾಕಿದ್ರ ಅದನ್ನ ನೆಕ್ಕತದ."

ಲಕ್ಷ್ಮೀಬಾಯಿ ಬಿಂದಿಗೆ ಕೆಳಗಿಟ್ಟಳು. "ನಾನಾ?" ಎಂದಳು ನನ್ನ ಕಡೆ ತಿರುಗಿ.

"ಹೂಂ. ನೀನ."

ನಂದಾ ನನ್ನ ಮೇಲೆ ಹರಿಹಾಯ್ದಳು. "ಮಾವಾರ, ನಿಮ್ಮ ಬಾಯಿಗೆ ಏನ ಬಂದದ! ನಾ ಹೊತ್ಕೊಂಡಿದ್ದೆ. ನಾಲ್ಕ ದಿನ ಬೈದ ಮರೀತಿದ್ರು. ಅತ್ತಿ ಇನ್ನ ಮ್ಯಾಲ ನೆಟ್ಟಗ ನಿದ್ದಿ ಮಾಡ್ತಾರೇನು?"

"ಅತ್ತಿ, ನಿಮಗ ಗೊತ್ತಿತ್ತಾ?" ಪ್ರಣಿತಾ ಕೇಳಿದಳು.

"ಗೊತ್ತಾಗದೇನ. ಒಲಿ ಮುಂದ ಇರಾಕಿ ನಾನ."

ಅಳಲು ಹೊತ್ತಿರಲಿಲ್ಲ. ಇನ್ನೂ ಸ್ವಲ್ಪ ಹಸಿರು ಉಳಿದಿದ್ದ ತುಂಡುಗಳನ್ನು ಕೊಯ್ದು ಒಳ್ಳೆಯ ನೀರಿಗೆ ಸೇರಿಸಬೇಕು. ಪ್ರಣಿತಾಳ ಅಪ್ಪನ ಮನೆಯಲ್ಲಿ ಅವಳ ಹಳೆಯ ಸಣ್ಣ ಟ್ಯಾಂಕು ಇನ್ನೂ ನಡೆಯುತ್ತಿತ್ತು. ಒಂಬತ್ತು ತುಂಡು ಸಿಕ್ಕವು. ಹೊಸದಾಗಿ ಕಲಸಿದ ಉಪ್ಪುನೀರು ತುಂಬಿದ ಒಂಬತ್ತು ಪ್ಲಾಸ್ಟಿಕ್ ಡಬ್ಬಿ, ಸೋಮೇಶನ ಪಿಕಪ್ಪು. ಮುಂದೆ ನಂದಾ, ಪ್ರಣಿತಾ. ಇಬ್ಬರ ಮಡಿಲಲ್ಲೂ ಡಬ್ಬಿ. ನಾನು ಹಿಂದೆ, ತಾಡಪತ್ರಿಯ ಮೇಲೆ. ಯಾರೂ ಕರೆದಿರಲಿಲ್ಲ, ಹತ್ತಿ ಕೂತೆ. ಮೋಡ ಮುಸುಕಿದ ದಿನ. ತೊಗರಿ ಹೊಲಗಳ ನಡುವೆ ಗಾಡಿ ಅಷ್ಟು ನಿಧಾನ ಹೋಗುತ್ತಿತ್ತು ಎಂದರೆ, ಎತ್ತಿನ ಗಾಡಿಯವನೊಬ್ಬ ನಮ್ಮನ್ನು ದಾಟಿ ಹೋಗಿ ತಿರುಗಿ ನೋಡಿದ. ನಂದಾ ಡಬ್ಬಿಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಗುಂಡಿ ಬಂದಾಗಲೆಲ್ಲ ಸೀಟಿನಿಂದ ಎದ್ದು ಗಾಳಿಯಲ್ಲಿ ನಿಲ್ಲುತ್ತಿದ್ದಳು, ಅಲುಗಬಾರದು ಎಂದು.

"ಅತ್ತಿ, ಕೂಡ್ರಿ. ಸಮುದ್ರದಾಗ ಇದಕಿಂತ ಜೋರ ಅಲಗ್ತಾವ."

"ನೀ ಸಮುದ್ರ ನೋಡೀಯೇನು?"

"ಇಲ್ರಿ," ಎಂದಳು ಪ್ರಣಿತಾ.

ನಂದಾ ನಕ್ಕಳು. ಇಬ್ಬರೂ ನಕ್ಕರು. ನನಗೆ ಹಿಂದಿನ ಕಿಟಕಿಯಿಂದ ಎರಡು ಹೆಗಲು ಅಲುಗುವುದು ಕಾಣುತ್ತಿತ್ತು.

ಮೊದಲ ಮೂರು ದಿನ ತಾಸಿಗೊಮ್ಮೆ ನೋಡಬೇಕು ಎಂದು ನಂದಾ ಅಲ್ಲೇ ಉಳಿದಳು. ಬೀಗರ ಮನೆಯಲ್ಲಿ ಮೂರು ದಿನ! ಮಗನ ನಿಶ್ಚಯಕ್ಕೆ ಹೋದಾಗ ಅಲ್ಲಿ ಚಹಾ ಸಪ್ಪಗಿದೆ ಎಂದು ಅರ್ಧ ಬಿಟ್ಟು ಬಂದಿದ್ದವಳು.

ಇತ್ತ ಮನೆಯಲ್ಲಿ ಲಕ್ಷ್ಮೀಬಾಯಿ ಅಡುಗೆ ಮಾಡಿದಳು. ಅವಳು ಝುಣಕ ಬಡಿಸುತ್ತಿರುವಾಗ ನಾನೇ ಮಾತೆತ್ತಿದೆ.

"ಎಲ್ಲಾರ ಮುಂದ ಹೇಳಿದ್ನೆಂತ ಸಿಟ್ಟೇನು?"

"ಹೇಳಿದ್ದಕ್ಕಲ್ಲ," ಎಂದಳು. "ಎರಡ ದಿನ ನಂದಾನ್ನ ನಾ ಬಾಯಿಗೆ ಬಂದಂಗ ಬೈದೆ. ನೀವು ಪಕ್ಕದಾಗ ಕುಂತ ರೊಟ್ಟಿ ತಿಂದ್ರಿ."

ಆ ಹೊತ್ತು ನಾನೇ ಮೊಸರು ಕೇಳಲಿಲ್ಲ.

ಮದರ್ ಸತ್ತಿತು. ಒಂಬತ್ತರಲ್ಲಿ ಐದು ಉಳಿದವು. ಮನೆಯ ಟ್ಯಾಂಕಿನ ಮರಳು, ಕಲ್ಲು ಎಲ್ಲ ಹೊರಗೆ ಹಾಕಿ, ಗಾಜು ತೊಳೆದು, ಹೊಸದಾಗಿ ನೀರು ಕಟ್ಟಿ, ಅದು ಹದಕ್ಕೆ ಬರಲು ಏಳು ವಾರ ಹಿಡಿಯಿತು. ಅಷ್ಟರಲ್ಲಿ ದಸರಾ ಹೋಗಿ ದೀಪಾವಳಿ ಹತ್ತಿರ ಬಂತು. ಪ್ರಣಿತಾ ಐದನ್ನೂ ತಂದಳು. ಬಟಾಣಿ ಕಾಳಿನಷ್ಟು ದಿಂಡು, ಮೇಲೆ ನಾಲ್ಕಾರು ಬೆರಳು. ಅಪ್ಪನ ಮನೆಯ ಟ್ಯಾಂಕಿನಲ್ಲಿ ಅವು ಅಂಟಿದ್ದ ಕಲ್ಲು ದೊಡ್ಡದು, ಬಿಡಿಸಿ ಹೊಸ ಕಲ್ಲಿಗೆ ಕೂರಿಸಬೇಕಿತ್ತು.

ಲಕ್ಷ್ಮೀಬಾಯಿ ಆವತ್ತಿನಿಂದ ಜೋಳದ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

"ಆಯಿ, ಬರ್ರಿ," ಎಂದು ಪ್ರಣಿತಾ ಒಳಗಿನಿಂದ ಕೂಗಿದಳು.

"ನನ್ನ ಕೈ ಬ್ಯಾಡವಾ ಅದಕ್ಕ."

"ನನಗ ಎರಡ ಕೈ ಸಾಲವಲ್ವು. ಅತ್ತಿ ಕೈಗೆ ಹಿಟ್ಟ ಹತ್ತೇದ. ಮುತ್ಯಾನ ಕೈ ನಡಗ್ತಾವ."

"ನನ್ನವೂ ನಡಗ್ತಾವ."

ನಂದಾ ಅಡುಗೆಮನೆಯಿಂದ ಎದ್ದು ಬಂದು ಅತ್ತೆಯ ರಟ್ಟೆ ಹಿಡಿದಳು. "ನಡಗಲಿ, ಏಳ್ರಿ. ಎರಡ ತಿಂಗಳಿಂದ ಅಡಗಿಮನ್ಯಾಗ ಕುಂತ ನನ್ನ ಜೀವಾ ತಿನ್ನಾಕತ್ತೀರಿ. ಪಲ್ಯಾಕ ಉಪ್ಪ ಜಾಸ್ತಿ, ರೊಟ್ಟಿ ದಪ್ಪ. ಒಳಗ ಹೋಗ್ರಿ ಒಂದ ಸಲ." ಎಬ್ಬಿಸಿ, ಬೆನ್ನಿಗೆ ಕೈಕೊಟ್ಟು ಹೊಸ್ತಿಲು ದಾಟಿಸಿಬಿಟ್ಟಳು.

ಪ್ರಣಿತಾ ಅವಳ ಬೆರಳಿನ ಉಂಗುರ ತೆಗೆಸಿದಳು. ಸಾಬೂನಿಲ್ಲದೆ ಮೊಣಕೈವರೆಗೆ ತೊಳೆಸಿದಳು. ಕಲ್ಲಿಗೆ ಅಂಟು ಹಚ್ಚಿ, ಹವಳ ಇಟ್ಟು, ಮುದುಕಿಯ ಎರಡು ಬೆರಳಿನ ನಡುವೆ ಕೊಟ್ಟು, ಕೈಯನ್ನು ನೀರಿನೊಳಗೆ ಇಳಿಸಿದಳು.

"ಅಲಗಬ್ಯಾಡ್ರಿ. ಮೂವತ್ತ ಎಣಸೂತನಕ ಹಿಂಗ ಹಿಡೀರಿ. ಆಮ್ಯಾಲ ಬಿಡ್ರಿ."

ಲಕ್ಷ್ಮೀಬಾಯಿ ಶಾಲೆಗೆ ಹೋದವಳಲ್ಲ. ಎಣಿಕೆ ಇಪ್ಪತ್ತರವರೆಗೆ ಬರುತ್ತದೆ. ಒಂದು, ಎರಡು ಎಂದು ಬಾಯೊಳಗೇ ಎಣಿಸತೊಡಗಿದಳು. ನೀಲಿ ನೀರಿನಲ್ಲಿ ಅವಳ ಕೈಯ ನರಗಳು, ಹಚ್ಚೆ ಎಲ್ಲ ಬೇರೆ ಬಣ್ಣವಾಗಿ, ಅದೂ ಅಲ್ಲೇ ಹುಟ್ಟಿ ಬೆಳೆದ ಒಂದು ಜೀವದ ಹಾಗೆ ಕಾಣುತ್ತಿತ್ತು. ಇಪ್ಪತ್ತಕ್ಕೆ ನಿಂತಳು. ಬಾಗಿಲಲ್ಲಿ ನಿಂತಿದ್ದ ನಂದಾ ಇಪ್ಪತ್ತೊಂದು ಎಂದು ಮುಂದುವರಿಸಿದಳು. ಮುದುಕಿ ಅವಳ ಹಿಂದೆ ಹಿಂದೆ ಹೇಳಿದಳು. ಮೂವತ್ತಾಯಿತು.

ಅವಳು ಬಿಡಲಿಲ್ಲ.

"ಆತು ಆಯಿ, ಹತ್ತೇದ," ಎಂದಳು ಪ್ರಣಿತಾ.

"ಇರ್ಲಿ," ಎಂದಳು ಲಕ್ಷ್ಮೀಬಾಯಿ. ಕಣ್ಣು ಮುಚ್ಚಿದ್ದಳು. "ನಂದಾ, ಮುಂದ ಎಣಸು."

ಒಲೆಯ ಮೇಲೆ ಹಂಚು ಸುಡುತ್ತಿತ್ತು. ನಂದಾ ಅದರ ಕಡೆ ಒಮ್ಮೆ ನೋಡಿ, ಹಿಟ್ಟಿನ ಕೈಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, "ಮೂವತ್ತೊಂದು," ಎಂದಳು.